ಹೋಮ್‌ವರ್ಕ್ ಒಂದು ದಿನವೂ ತಪ್ಪಿಸದ ಕ್ಲೈಂಟ್ ಯಾಕೆ ಸುಧಾರಿಸುತ್ತಿಲ್ಲ?

ಪ್ರಶ್ನೆ: ನಾನು ಕೌನ್ಸೆಲಿಂಗ್ ಶುರುಮಾಡಿ 3 ವರ್ಷ ಆಯಿತು ಮೇಡಂ. ಒಬ್ಬ ಕ್ಲೈಂಟ್ ವಿಷಯದಲ್ಲಿ ಏನು ಮಾಡಬೇಕೋ ತೋಚುತ್ತಿಲ್ಲ. ಮೂವತ್ತರ ಆಸುಪಾಸಿನ ಹೆಂಗಸು, ಕೆಲಸದಲ್ಲಿ ಒಳ್ಳೆ ಹೆಸರು. ನಿದ್ದೆ ಇಲ್ಲ, ಯಾವಾಗಲೂ ಸುಸ್ತು, ಸಣ್ಣ ತಪ್ಪಾದರೂ ದಿನಗಟ್ಟಲೆ ಕೊರಗು ಅಂತ ಬಂದರು. 8 ತಿಂಗಳಿಂದ ಸಿ.ಬಿ.ಟಿ. (ಯೋಚನೆ, ನಡವಳಿಕೆಯ ರೀತಿ ಬದಲಿಸುವ ಮಾತಿನ ಚಿಕಿತ್ಸೆ) ನಡೆಯುತ್ತಿದೆ. ಹೋಮ್‌ವರ್ಕ್ ಯಾವತ್ತೂ ಬಿಟ್ಟವರಲ್ಲ, ಥಾಟ್ ರೆಕಾರ್ಡ್ (ಕಾಡುವ ಯೋಚನೆಗಳನ್ನು ಬರೆದು ಪರಿಶೀಲಿಸುವ ಹಾಳೆ) ಟೈಪ್ ಮಾಡಿ, ಬಣ್ಣ ಹಾಕಿ ತರುತ್ತಾರೆ. ‘ತುಂಬಾ ಉಪಯೋಗ ಆಗ್ತಿದೆ’ ಅನ್ನುತ್ತಾರೆ. ಆದರೆ ನಿದ್ದೆಯೂ ಬಂದಿಲ್ಲ, ಕೊರಗೂ ಹೋಗಿಲ್ಲ. ‘ಸ್ವಲ್ಪ ಸಡಿಲ ಬಿಡಿ’ ಅಂದರೆ ‘ಬಿಟ್ಟರೆ ಸೋಮಾರಿ ಆಗಿಬಿಡ್ತೀನಿ’ ಅಂತಾರೆ. ಹೋದ ವಾರ ಹೋಮ್‌ವರ್ಕ್ ಪೂರ್ತಿ ಆಗಿಲ್ಲ ಅಂತ ಸೆಷನ್ನೇ ರದ್ದು ಮಾಡಿದರು. ಹೋಮ್‌ವರ್ಕ್ ನಿಲ್ಲಿಸಲಾ? ಬೇರೆಯವರ ಹತ್ತಿರ ಕಳಿಸಲಾ? ನಾನೆಲ್ಲಿ ತಪ್ಪಿದೆ? ಪತ್ರ ಉದ್ದವಾಯಿತು, ಕ್ಷಮಿಸಿ. ಸರಿಯಾಗಿ ಬರೆದಿಲ್ಲದಿದ್ದರೂ ಕ್ಷಮಿಸಿ.

ಉತ್ತರ:

ಮೊದಲು ಹೋದ ವಾರದ ವಿಷಯಕ್ಕೆ ಬರೋಣ. ಸೆಷನ್ ರದ್ದಾಯಿತು ಅಂತ ನಿಮಗೆ ಬೇಜಾರಾಗಿದೆ. ನನಗೆ ಓದುವಾಗ ಸ್ವಲ್ಪ ಖುಷಿಯೇ ಆಯಿತು. ಯಾಕೆಂದರೆ 8 ತಿಂಗಳಲ್ಲಿ ಮೊದಲ ಸಲ ಅವರ ಕಷ್ಟ ನಿಮ್ಮ ಕಣ್ಣೆದುರೇ ನಡೆದಿದೆ. ಇಷ್ಟು ದಿನ ಅವರು ಅದರ ಬಗ್ಗೆ ವರದಿ ಕೊಡುತ್ತಿದ್ದರು, ಅದೂ ಬಣ್ಣ ಹಾಕಿ! ಈಗ ಅರ್ಧ ಮುಗಿದ ಕೆಲಸ ಕೈಲಿ ಹಿಡಿದು ನಿಮ್ಮ ಎದುರು ಕೂರಲು ಆಗಲಿಲ್ಲ ಅವರಿಗೆ. ನೀವು ಕೆಲಸ ಶುರು ಮಾಡಬೇಕಾದ್ದು ಅಲ್ಲಿಂದ.

ನಿಮ್ಮ ಚಿಂತೆ ನನಗೆ ಅರ್ಥವಾಗಿದ್ದು ಹೀಗೆ: ಹೇಳಿದ್ದೆಲ್ಲ ಮಾಡುವ ಕ್ಲೈಂಟ್ ಸುಧಾರಿಸದಿದ್ದರೆ ಹೇಳಿದವರದ್ದೇ ತಪ್ಪಿರಬೇಕು ಅಂತ. ಆ ಲೆಕ್ಕ ಹಾಗೆ ನಡೆಯುವುದಿಲ್ಲ. ಥೆರಪಿಗೆ ಬರುವ ಪರ್ಫೆಕ್ಷನಿಸ್ಟ್‌ಗಳಲ್ಲಿ, ಅಂದರೆ ಎಲ್ಲವೂ ತಪ್ಪಿಲ್ಲದೆ ಆಗಲೇಬೇಕು ಅನ್ನುವವರಲ್ಲಿ, ಒಂದು ಜಾತಿ ಇದೆ, ನಾನು ಅವರನ್ನು ‘ರ‍್ಯಾಂಕ್ ಕ್ಲೈಂಟ್’ ಅಂತ ಕರೆಯುತ್ತೇನೆ, ಮನಸ್ಸಿನಲ್ಲೇ. ಬಂದ ದಿನದಿಂದ ಅವರು ಥೆರಪಿಯಲ್ಲೂ ಮೊದಲ ಸ್ಥಾನಕ್ಕೆ ಓದುತ್ತಿರುತ್ತಾರೆ. ನಾವು ಕೊಡುವ ಶೀಟು ಅವರ ಪಾಲಿಗೆ ಪರೀಕ್ಷೆ ಪೇಪರ್, ನಾವು ಮೌಲ್ಯಮಾಪಕರು. ‘ತುಂಬಾ ಉಪಯೋಗ ಆಗ್ತಿದೆ ಮೇಡಂ’ ಅನ್ನುವುದೂ ಒಂದು ಉತ್ತರವೇ, ನಿಮಗೆ ಬೇಕಾದ ಸರಿಯುತ್ತರ.

ನನ್ನದೇ ಒಂದು ಕಥೆ ಹೇಳುತ್ತೇನೆ (ಗುರುತು ಸಿಗದ ಹಾಗೆ ಬದಲಿಸಿದ್ದೇನೆ). ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಒಬ್ಬರು ಬರುತ್ತಿದ್ದರು. ಪ್ರತಿ ವಾರ ಅವರ ಹಾಳೆ ನೋಡಿ ನಾನು ‘ಎಷ್ಟು ಚೆನ್ನಾಗಿ ಬರೆದಿದೀರಿ!’ ಅನ್ನುತ್ತಿದ್ದೆ. ಪ್ರೋತ್ಸಾಹ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಐದಾರು ತಿಂಗಳಾದ ಮೇಲೆ ಒಂದು ದಿನ ಸುಮ್ನೆ ಕೇಳಿದೆ, ಇದನ್ನು ಬರೆಯೋಕೆ ಎಷ್ಟು ಹೊತ್ತು ಬೇಕಾಗತ್ತೆ ಅಂತ. ‘ಭಾನುವಾರ ಪೂರ್ತಿ. ಮೊದಲು ರಫ್ ಬರೀತೀನಿ, ಆಮೇಲೆ ಫೇರ್ ಮಾಡ್ತೀನಿ. ನಿಮಗೆ ತೋರಿಸೋದಲ್ವಾ?’ ಅಂದರು. ಆ ಮನುಷ್ಯನಿಗೆ ವಾರಕ್ಕೆ ಸಿಗುತ್ತಿದ್ದ ಒಂದೇ ರಜೆಯನ್ನು ನಾನು ತಿಂದಿದ್ದೆ, ಅದೂ ಕೆಲಸದ ಒತ್ತಡ ಕಡಿಮೆ ಮಾಡೋಣ ಅಂತ ಕೊಟ್ಟ ಶೀಟಿನಿಂದ. ಅವತ್ತಿನಿಂದ ಹೋಮ್‌ವರ್ಕ್ ಕೈಗೆ ಬಂದ ಕೂಡಲೇ ಅದರೊಳಗೆ ಏನಿದೆ ಅಂತ ನೋಡುವ ಮೊದಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ತಿದ್ದಿದಿರಿ, ಬರೆಯುವಾಗ ಹೊಟ್ಟೆಯಲ್ಲಿ ಏನಾಗುತ್ತಿತ್ತು ಅಂತ ಕೇಳುತ್ತೇನೆ.

ಈಗ ಪರ್ಫೆಕ್ಷನಿಸಂ ಬಗ್ಗೆ ನಮ್ಮಲ್ಲೇ, ಅಂದರೆ ಕೌನ್ಸೆಲರ್‌ಗಳಲ್ಲೇ, ಓಡಾಡುವ ಕೆಲವು ತಪ್ಪು ತಿಳಿವಳಿಕೆಗಳು.

‘ಅದು ಒಂದು ಕಾಯಿಲೆ’ ಅನ್ನುವುದು ಮೊದಲನೆಯದು. ರೋಗಗಳ ಪಟ್ಟಿಯಲ್ಲಿ ಪರ್ಫೆಕ್ಷನಿಸಂ ಅನ್ನುವ ಹೆಸರಿನ ಪ್ರತ್ಯೇಕ ಕಾಯಿಲೆ ಇಲ್ಲ. ಆದರೆ ಅದು ಖಿನ್ನತೆಯಲ್ಲಿ ಇಣುಕುತ್ತದೆ, ಜನರೆದುರು ಹೋಗಲು ಹೆದರುವವರಲ್ಲಿ ಕಾಣುತ್ತದೆ, ಊಟದ ತೊಂದರೆಗಳಲ್ಲಿ, ಒ.ಸಿ.ಡಿ.ಯಲ್ಲಿ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಮಾಡಿದ್ದನ್ನೇ ಮಾಡಿಸುವ ಕಾಯಿಲೆ) ಕಾಣುತ್ತದೆ. ಆಸ್ಟ್ರೇಲಿಯಾದ ಸಾರಾ ಈಗನ್, ಟ್ರೇಸಿ ವೇಡ್ ಮತ್ತು ಬ್ರಿಟನ್ನಿನ ರೋಜ್ ಶಫ್ರಾನ್ 2011ರಲ್ಲಿ ಇದನ್ನೇ ವಿವರವಾಗಿ ಬರೆದರು. ಹಲವು ಕಾಯಿಲೆಗಳ ಅಡಿಯಲ್ಲಿ ಹರಿಯುವ ಒಂದೇ ನೀರು ಇದು, ಹಾಗಾಗಿ ಇದನ್ನು ನೇರವಾಗಿ ಹಿಡಿದರೆ ಮೇಲಿನದ್ದೂ ಇಳಿಯಬಹುದು. ನಿಮ್ಮ ಕ್ಲೈಂಟ್ ವಿಷಯದಲ್ಲಿ ನೀವು ನಿದ್ದೆ, ಕೊರಗು ಅಂತ ಮೇಲಿನದ್ದಕ್ಕೆ ಮಾತ್ರ ಕೈ ಹಾಕಿದ್ದೀರಿ ಅಂತ ನನ್ನ ಅನುಮಾನ.

ಎರಡನೆಯದು ‘ಗುರಿ ಕಡಿಮೆ ಮಾಡಿಕೊಂಡರೆ ಸರಿಹೋಗುತ್ತೆ’. ದಯವಿಟ್ಟು ಈ ಮಾತು ಬಿಟ್ಟುಬಿಡಿ. ‘ಸ್ವಲ್ಪ ಸಡಿಲ ಬಿಡಿ’ ಅಂತ ನೀವು ಹೇಳಿದಾಗ ಅವರ ಕಿವಿಗೆ ಬಿದ್ದಿದ್ದು ‘ಸಾಧಾರಣ ಮನುಷ್ಯಳಾಗಿ’ ಅಂತ, ಅವರು ಜೀವಮಾನವಿಡೀ ಹೆದರಿ ಓಡಿದ್ದೇ ಅದರಿಂದ. ದೊಡ್ಡ ಗುರಿ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಸಂಶೋಧಕರು ಇದರಲ್ಲಿ ಎರಡು ಎಳೆ ಬಿಡಿಸಿ ನೋಡುತ್ತಾರೆ. ಒಂದು, ಮೇಲಕ್ಕೆ ಏರಬೇಕೆಂಬ ಶ್ರಮ. ಇನ್ನೊಂದು, ತಪ್ಪಾದರೆ ಏನು ಗತಿ, ಜನ ಏನಂತಾರೆ ಅನ್ನುವ ಭಯ. ಖಿನ್ನತೆ, ಆತಂಕಗಳ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುವುದು ಈ ಎರಡನೆಯದು. ಒಳ್ಳೆಯ ಕುಶಲಕರ್ಮಿ ತನ್ನ ಕೆಲಸದಲ್ಲಿ ಕುಂದು ಕಂಡರೆ ತಿದ್ದುತ್ತಾನೆ. ಪರ್ಫೆಕ್ಷನಿಸ್ಟ್‌ಗೆ ಕೆಲಸದಲ್ಲಿ ಕುಂದು ಕಂಡರೆ ಅದು ತನ್ನದೇ ಕುಂದು.

2002ರಲ್ಲಿ ಶಫ್ರಾನ್, ಜಾಫ್ರಾ ಕೂಪರ್ ಮತ್ತು ಕ್ರಿಸ್ಟೋಫರ್ ಫೇರ್‌ಬರ್ನ್ ‘ಕ್ಲಿನಿಕಲ್ ಪರ್ಫೆಕ್ಷನಿಸಂ’ ಅಂತ ಹೆಸರಿಟ್ಟು ವಿವರಿಸಿದ್ದು ಇದನ್ನೇ. ತಾನೇ ಹಾಕಿಕೊಂಡ ಕಠಿಣ ಮಟ್ಟವನ್ನು ಮುಟ್ಟಿದೆನೋ ಇಲ್ಲವೋ ಅನ್ನುವುದರ ಮೇಲೆ ತನ್ನ ಬೆಲೆಯನ್ನೆಲ್ಲ ನೇತುಹಾಕುವುದು, ಅದರಿಂದ ಮೈಮನಸ್ಸಿಗೆ ಪೆಟ್ಟು ಬೀಳುತ್ತಿದ್ದರೂ ಬಿಡದಿರುವುದು. ಅವರು ತೋರಿಸಿದ ಚಕ್ರವನ್ನು ನಾನು ಕ್ಲೈಂಟ್ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯುತ್ತೇನೆ, ಅವರದ್ದೇ ವಾರದ ಒಂದು ಘಟನೆ ತೆಗೆದುಕೊಂಡು. ಮಟ್ಟ ಮುಟ್ಟಲಿಲ್ಲ ಅಂದರೆ ‘ನಾನು ಲಾಯಕ್ಕಿಲ್ಲ’. ಮುಟ್ಟಿದರೆ ‘ಓ, ಇದು ಸುಲಭ ಇತ್ತು’ ಅಂತ ಮಟ್ಟ ಮೇಲಕ್ಕೆ. ಹೆದರಿ ಕೆಲಸ ಮುಂದೂಡಿದರೆ ‘ನೋಡು, ನಾನು ಸೋಮಾರಿ’. ಮೂರು ಬಾಗಿಲಲ್ಲಿ ಯಾವುದರಿಂದ ಹೋದರೂ ಒಂದೇ ಕೋಣೆ. ಇದನ್ನು ಹಾಳೆಯ ಮೇಲೆ ನೋಡಿದಾಗ ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ. ಒಬ್ಬರು ನಕ್ಕರು, ‘ಹಾಗಾದ್ರೆ ನಾನು ಗೆಲ್ಲೋ ದಾರೀನೇ ಇಟ್ಟುಕೊಂಡಿಲ್ಲ’ ಅಂತ.

ನಿಮ್ಮ ಕ್ಲೈಂಟ್‌ನ ‘ಸೋಮಾರಿ ಆಗಿಬಿಡ್ತೀನಿ’ ಅನ್ನುವ ಭಯ ಕೂತಿರುವುದು ಇಲ್ಲೇ. ಚಾಟಿ ಇದ್ದಿದ್ದಕ್ಕೇ ಕುದುರೆ ಓಡಿತು ಅಂತ ಅವರು ನಂಬಿದ್ದಾರೆ. ಚಾಟಿ ಕೆಳಗಿಟ್ಟು ನೋಡಿದವರೇ ಅಲ್ಲ, ಹಾಗಾಗಿ ಆ ನಂಬಿಕೆ ಸುಳ್ಳು ಅಂತ ಗೊತ್ತಾಗಲು ದಾರಿಯೇ ಇಲ್ಲ. ವಾದ ಮಾಡಿ ಇದನ್ನು ಗೆಲ್ಲಲಾಗದು. ನಾನು ಸುಮಾರು ಪ್ರಯತ್ನಪಟ್ಟಿದ್ದೇನೆ, ಅವರು ನನಗಿಂತ ಚೆನ್ನಾಗಿ ವಾದ ಮಾಡುತ್ತಾರೆ.

ಇದು ಎಲ್ಲಿಂದ ಬರುತ್ತದೆ? ಒಂದೇ ಮೂಲ ಅಂತ ಹೇಳಲು ಬರುವುದಿಲ್ಲ. ಕೆಲವರದ್ದು ಹುಟ್ಟಾ ಸೂಕ್ಷ್ಮ ಸ್ವಭಾವ. ಕೆಲವರ ಮನೆಯಲ್ಲಿ ಅಂಕ ಬಂದ ದಿನ ಮಾತ್ರ ಮುದ್ದು ಸಿಗುತ್ತಿತ್ತು. ಕೆಲವರ ಮನೆ ಗೊಂದಲದ ಗೂಡಾಗಿತ್ತು, ತಾನು ಒಂದು ತಪ್ಪೂ ಮಾಡದಿದ್ದರೆ ಎಲ್ಲ ನೆಟ್ಟಗಿರುತ್ತದೆ ಅಂತ ಮಗುವೊಂದು ಲೆಕ್ಕ ಹಾಕಿತ್ತು. ಕೆನಡಾದ ಪಾಲ್ ಹ್ಯೂವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಇದಕ್ಕೆ ಮೂರು ಮುಖ ಇದೆ ಅಂತ ತೋರಿಸಿದರು. ತನ್ನಿಂದ ತಾನೇ ಬಯಸುವುದು, ಬೇರೆಯವರಿಂದ ಬಯಸುವುದು, ಬೇರೆಯವರು ತನ್ನಿಂದ ಬಯಸುತ್ತಿದ್ದಾರೆ ಅಂತ ನಂಬುವುದು. ಮೂರನೆಯದು ಬೆಳೆಯುತ್ತಿದೆ. ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಅಮೆರಿಕ, ಕೆನಡಾ, ಬ್ರಿಟನ್ನಿನ 41,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಹಳೆಯ ಮಾಹಿತಿ ಒಟ್ಟುಹಾಕಿ ನೋಡಿದಾಗ, 1989ರಿಂದ 2016ರ ನಡುವೆ ಮೂರೂ ಏರಿದ್ದವು, ಎಲ್ಲಕ್ಕಿಂತ ಜಾಸ್ತಿ ಏರಿದ್ದು ಇದೇ. ನಿಮ್ಮ ಕ್ಲೈಂಟ್‌ಗೆ ಯಾವ ಮುಖ ದೊಡ್ಡದು ಅಂತ ಕೇಳಿ ತಿಳಿದುಕೊಳ್ಳಿ. ‘ಅರ್ಧ ಬರೆದ ಹಾಳೆ ತಂದಿದ್ದರೆ ನಾನು ಏನಂದುಕೊಳ್ತಿದ್ದೆ ಅಂತ ನಿಮಗನ್ನಿಸ್ತು?’ ಈ ಒಂದು ಪ್ರಶ್ನೆ ಸಾಕು.

ಇನ್ನೊಂದು ಮಾತು ನಿಮಗೆ ಸಮಾಧಾನ ಕೊಡಬಹುದು. ಅಮೆರಿಕದಲ್ಲಿ ಖಿನ್ನತೆಯ ಚಿಕಿತ್ಸೆ ಕುರಿತು 16 ವಾರಗಳ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಎರಡು ಬಗೆಯ ಮಾತಿನ ಚಿಕಿತ್ಸೆ, ಒಂದು ಔಷಧಿ, ಒಂದು ಬರೀ ಹುಸಿಗುಳಿಗೆ. ಸಿಡ್ನಿ ಬ್ಲ್ಯಾಟ್ ಮತ್ತು ಜೊತೆಯವರು ಆ ಮಾಹಿತಿಯನ್ನು ಮತ್ತೆ ತೆಗೆದು ನೋಡಿದರು. ಪರ್ಫೆಕ್ಷನಿಸಂ ಜಾಸ್ತಿ ಇದ್ದವರಿಗೆ ನಾಲ್ಕರಲ್ಲಿ ಯಾವ ಗುಂಪಿನಲ್ಲಿದ್ದರೂ ಫಲಿತಾಂಶ ಅಷ್ಟಕ್ಕಷ್ಟೇ. ಅದರಲ್ಲೂ ಚಿಕಿತ್ಸೆಯ ಎರಡನೇ ಅರ್ಧದಲ್ಲಿ ಅವರ ಸುಧಾರಣೆ ನಿಂತುಹೋಗುತ್ತಿತ್ತು. ಅದಕ್ಕೆ ಒಂದು ಕಾರಣ, ಥೆರಪಿಸ್ಟ್ ಜೊತೆಗಿನ ನಂಟು ಉಳಿದವರಷ್ಟು ಬೆಳೆಯದಿದ್ದದ್ದು. ಚೆನ್ನಾಗಿ ಕಾಣಿಸಿಕೊಳ್ಳಬೇಕಾದವರ ಎದುರು ಯಾರಾದರೂ ಮನಸ್ಸು ಬಿಚ್ಚುತ್ತಾರಾ? ಅಂದರೆ ನಿಮಗೆ ಎದುರಾಗಿರುವ ಗೋಡೆ ಹಳೆಯದು, ನಿಮಗಿಂತ ಅನುಭವಸ್ಥರೂ ಅದಕ್ಕೆ ತಲೆ ಕುಟ್ಟಿಕೊಂಡಿದ್ದಾರೆ.

ಸರಿ, ಈಗ ಏನು ಮಾಡಬಹುದು?

ಹೋಮ್‌ವರ್ಕ್ ನಿಲ್ಲಿಸಲಾ ಅಂತ ಕೇಳಿದ್ದೀರಿ. ಏನೂ ಹೇಳದೆ ನಿಲ್ಲಿಸಿದರೆ ಅಪಾಯ ಇದೆ. ‘ನಾನು ಮಾಡಲಿಲ್ಲ ಅಂತ ಮೇಡಂ ಕೈಬಿಟ್ಟರು’ ಅಂತ ಓದಿಕೊಳ್ಳುತ್ತಾರೆ. ನಾನಾದರೆ ಅದರ ಆಕಾರ ಬದಲಿಸುತ್ತೇನೆ. ದಿನಕ್ಕೆ 5 ನಿಮಿಷ, ಟೈಮರ್ ಇಟ್ಟು, ಪೆನ್ನಿನಲ್ಲಿ, ಹೊಡೆದುಹಾಕಿದ್ದು ಹಾಗೇ ಇರಬೇಕು, ಫೇರ್ ಮಾಡುವಂತಿಲ್ಲ, ಟೈಮರ್ ಹೊಡೆದಾಗ ವಾಕ್ಯ ಅರ್ಧದಲ್ಲಿದ್ದರೂ ನಿಲ್ಲಿಸಬೇಕು. ಕೆಲವೊಮ್ಮೆ ಸೆಷನ್ನಿನಲ್ಲೇ ಎದುರು ಕೂರಿಸಿಕೊಂಡು ಬರೆಸುತ್ತೇನೆ, ನಾನೂ ಬರೆಯುತ್ತೇನೆ, ನನ್ನ ಕೋಳಿಕಾಲು ಅಕ್ಷರ ನೋಡಲಿ ಅಂತ. ಒಂದು ಎಚ್ಚರ: ಇವರು ‘ಅಚ್ಚುಕಟ್ಟಿಲ್ಲದೆ ಮಾಡುವುದನ್ನೂ’ ಅಚ್ಚುಕಟ್ಟಾಗಿ ಮಾಡಿ ತರುತ್ತಾರೆ. ಒಬ್ಬರು ಸರಿಯಾಗಿ ಮೂರು ಕಾಗುಣಿತ ತಪ್ಪು ಎಲ್ಲೆಲ್ಲಿ ಹಾಕಬೇಕು ಅಂತ ಮೊದಲೇ ಪಟ್ಟಿ ಮಾಡಿಕೊಂಡು ಬಂದಿದ್ದರು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ನಗು ನಮ್ಮ ನಡುವಿನ ಬಿಗುವು ಕಳೆದ ಹಾಗೆ ನನ್ನ ಯಾವ ಶೀಟೂ ಕಳೆದಿರಲಿಲ್ಲ.

ನಾನು ಹೆಚ್ಚು ನೆಚ್ಚುವುದು ಸಣ್ಣ ಪ್ರಯೋಗಗಳನ್ನು. ಭಯವನ್ನು ಮೊದಲು ಭವಿಷ್ಯದ ಮಾತಾಗಿ ಬರೆಸಬೇಕು, ಅದು ಮುಖ್ಯ. ಉದಾಹರಣೆಗೆ ‘ಈ ಇಮೇಲನ್ನು ಒಂದೇ ಸಲ ಓದಿ ಕಳಿಸಿದರೆ, ಎರಡು ದಿನದೊಳಗೆ ಯಾರಾದರೂ ತಪ್ಪು ಎತ್ತಿ ತೋರಿಸುತ್ತಾರೆ, ನನಗೆ ರಾತ್ರಿ ನಿದ್ದೆ ಬರುವುದಿಲ್ಲ’. ಎಷ್ಟು ಖಚಿತ? 90 ಅಂತಾರೆ, ನೂರಕ್ಕೆ. ಆಮೇಲೆ ಕಳಿಸುವುದು, ಮುಂದಿನ ವಾರ ಏನಾಯಿತು ಅಂತ ಹೋಲಿಸುವುದು. ಬರೆಸದೆ ಮಾಡಿಸಿದರೆ ಏನೂ ಆಗದಿದ್ದಾಗ ‘ಅದೃಷ್ಟ ಚೆನ್ನಾಗಿತ್ತು’ ಅಂದುಬಿಡುತ್ತಾರೆ. ನಿಮ್ಮ ಕ್ಲೈಂಟ್‌ನ ಸೋಮಾರಿತನದ ಭಯಕ್ಕೂ ಇದನ್ನೇ ಮಾಡಿ. ಒಂದು ವಾರ ಎಂದಿನಂತೆ ಚಾಟಿ, ಒಂದು ವಾರ ಯಾವುದೋ ಒಂದೇ ಕೆಲಸಕ್ಕೆ ಹೊತ್ತಿನ ಮಿತಿ. ಎರಡು ವಾರದಲ್ಲೂ ಎಷ್ಟು ಕೆಲಸ ಆಯಿತು, ಎಷ್ಟು ಹೊತ್ತು ನಿದ್ದೆ ಆಯಿತು ಅಂತ ಗುರುತು ಹಾಕಲಿ. ನೀವು ಫಲಿತಾಂಶ ಮೊದಲೇ ಹೇಳಬೇಡಿ. ಕೆಲಸ ನಿಜವಾಗಿ ಕಡಿಮೆಯೂ ಆಗಬಹುದು, ಆಗ ಎಷ್ಟು ಕಡಿಮೆಯಾಯಿತು, ಅದಕ್ಕೆ ಬದಲಾಗಿ ಏನು ಸಿಕ್ಕಿತು ಅಂತ ಕೂತು ನೋಡಬಹುದು.

ಇದರಲ್ಲಿ ಎರಡು ತಪ್ಪು ಮಾಡಬೇಡಿ, ನಾನು ಎರಡನ್ನೂ ಮಾಡಿದ್ದೇನೆ. ಒಂದು, ಮೊದಲ ಪ್ರಯೋಗವೇ ದೊಡ್ಡದಾಗುವುದು. ಬಾಸ್ ಮುಂದಿನ ಪ್ರೆಸೆಂಟೇಷನ್ ಬೇಡ, ಗೆಳತಿಗೆ ಕಳಿಸುವ ಮೆಸೇಜಿನಿಂದ ಶುರುವಾಗಲಿ. ಇನ್ನೊಂದು, ತಪ್ಪಾದರೆ ಬೇರೆಯವರ ಜೀವಕ್ಕೋ ದುಡ್ಡಿಗೋ ಕುತ್ತು ಬರುವ ಜಾಗದಲ್ಲಿ ಪ್ರಯೋಗ ಬೇಡವೇ ಬೇಡ. ಔಷಧಿ ಅಳೆಯುವ ನರ್ಸ್‌ಗೆ ‘ಒಂದೇ ಸಲ ನೋಡಿ’ ಅನ್ನಲಾಗದು. ಅವರೊಂದಿಗೆ ಕೂತು ಎಲ್ಲಿ ಎರಡು ಸಲ ನೋಡಲೇಬೇಕು, ಎಲ್ಲಿ ಬರೀ ಅಭ್ಯಾಸಬಲ ಅಂತ ಬೇರ್ಪಡಿಸಬೇಕು. ಈ ಗೆರೆಯನ್ನು ನೀವೇ ಮೊದಲು ಒಪ್ಪಿಕೊಂಡರೆ ಕ್ಲೈಂಟ್‌ಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ, ‘ಇವರಿಗೆ ನನ್ನ ಕೆಲಸ ಅರ್ಥ ಆಗತ್ತೆ’ ಅಂತ.

ಇದರ ಜೊತೆಗೆ ಒಂದು ವೃತ್ತ ಬರೆಸಿ. ‘ನೀವು ಎಂಥ ಮನುಷ್ಯಳು ಅಂತ ನೀವೇ ಯಾವುದರಿಂದ ಅಳೆದುಕೊಳ್ತೀರಿ, ಪಾಲು ಹಾಕಿ’ ಅಂತ ಕೇಳಿ. ಇವರ ವೃತ್ತದಲ್ಲಿ ಸಾಮಾನ್ಯವಾಗಿ ಮುಕ್ಕಾಲು ಕೆಲಸವೇ ತುಂಬಿರುತ್ತದೆ. ಉಳಿದದ್ದು ಸಣ್ಣ ಸಣ್ಣ ಚೂರು. ಆಗ ಗುರಿ ಇಳಿಸುವ ಮಾತೇ ಬರುವುದಿಲ್ಲ, ಬೇರೆ ಚೂರುಗಳನ್ನು ದೊಡ್ಡದು ಮಾಡುವ ಮಾತು ಬರುತ್ತದೆ. ಬಿಟ್ಟುಹೋದ ಹಾಡು, ಫೋನ್ ಮಾಡದ ಅಕ್ಕ, ಯಾರೂ ಅಂಕ ಕೊಡದ ಯಾವುದಾದರೂ ಹವ್ಯಾಸ. ಆದರೆ ಹಾಡುವುದಕ್ಕೂ ಪರೀಕ್ಷೆ ಕಟ್ಟಿಬಿಡುತ್ತಾರೆ, ನೋಡಿಕೊಳ್ಳಿ.

‘ನಿಮ್ಮನ್ನು ನೀವು ಪ್ರೀತಿಸಿ’ ಅನ್ನುವ ದಾರಿ ಇದೆಯಲ್ಲ, ಅದರ ಬಗ್ಗೆ ನನಗೆ ಸ್ವಲ್ಪ ಮುಜುಗರ. ತನ್ನ ಮೇಲೆ ತಾನು ಕರುಣೆ ತೋರುವ ಅಭ್ಯಾಸ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಮೇಲೆ ಹೆಚ್ಚು ಕೆಲಸ ಮಾಡಿದ ಪಾಲ್ ಗಿಲ್ಬರ್ಟ್ ಅವರೇ ಹೇಳಿದ್ದಾರೆ, ಕೆಲವರಿಗೆ ಕರುಣೆಯೇ ಭಯ ಹುಟ್ಟಿಸುತ್ತದೆ ಅಂತ. ಬೈಗುಳದಲ್ಲೇ ಬೆಳೆದವರಿಗೆ ಮೃದು ಮಾತು ಬಲೆಯ ಹಾಗೆ ಕಾಣಬಹುದು. ಹಾಗಾಗಿ ಅವಸರ ಮಾಡಬೇಡಿ. ನಾನು ‘ಇದೇ ತಪ್ಪನ್ನು ನಿಮ್ಮ ಕೈಕೆಳಗಿನ ಹೊಸ ಹುಡುಗಿ ಮಾಡಿದ್ದರೆ ಏನು ಹೇಳ್ತಿದ್ರಿ?’ ಅಂತ ಕೇಳುವುದರಲ್ಲಿ ನಿಲ್ಲಿಸುತ್ತೇನೆ. ಅಷ್ಟಕ್ಕೇ ಕಣ್ಣು ತುಂಬಿಕೊಂಡವರಿದ್ದಾರೆ.

ಬಾಲ್ಯಕ್ಕೆ ಇಳಿಯಬೇಕಾ? ಬೇಕಾಗಬಹುದು, 8 ತಿಂಗಳಾದರೂ ಅಲುಗದಿದ್ದರೆ. ಹ್ಯೂವಿಟ್ ಮತ್ತು ಅವರ ಜೊತೆಗಾರರು ಸಂಬಂಧಗಳ ಕಡೆಯಿಂದ ಹೋಗುವ ಚಿಕಿತ್ಸೆಯನ್ನೇ ಕಟ್ಟಿದ್ದಾರೆ. ಹೊತ್ತು ಹಿಡಿಯುವ ದಾರಿ. ಅಪ್ಪ ಅಮ್ಮನ ಮೇಲೆ ತೀರ್ಪು ಬರೆಯುವ ಕೆಲಸವಾಗಿಬಿಡುವ ಅಪಾಯವೂ ಇದೆ, ಅದರಿಂದ ಸಿಟ್ಟು ಬರುತ್ತದೆ, ನಿದ್ದೆ ಬರುವುದಿಲ್ಲ.

ಬೇರೆಯವರ ಹತ್ತಿರ ಕಳಿಸುವುದು? ನಿಮಗೆ ಬೇಜಾರಾಗಿದೆ ಅನ್ನುವ ಕಾರಣಕ್ಕೆ ಬೇಡ. ಆದರೆ ಕೆಲವು ವಿಷಯ ಈಗಲೇ ನೋಡಿಕೊಳ್ಳಿ. ಒಂದೇ ಕೆಲಸ ‘ಸರಿ ಅನ್ನಿಸುವವರೆಗೆ’ ಮತ್ತೆ ಮತ್ತೆ ಮಾಡಿ ಗಂಟೆಗಟ್ಟಲೆ ಕಳೆಯುತ್ತಿದ್ದರೆ ಒ.ಸಿ.ಡಿ. ಇರಬಹುದು. ಊಟ, ತೂಕದ ಮೇಲೆ ಕಟ್ಟುನಿಟ್ಟು ಇದೆಯಾ? ತೂಕ ಇಳಿದಿದೆಯಾ? ನಿದ್ದೆ ಇಷ್ಟು ತಿಂಗಳಿಂದ ಇಲ್ಲ ಅಂದರೆ ಖಿನ್ನತೆ ಎಷ್ಟು ಆಳ ಅಂತ ಸೈಕಿಯಾಟ್ರಿಸ್ಟ್ ಒಮ್ಮೆ ನೋಡುವುದು ಒಳ್ಳೆಯದು. ನಿಮ್ಮ ಥೆರಪಿ ಅದರ ಜೊತೆಗೇ ನಡೆಯಬಹುದು.

ಸಾವಿನ ಯೋಚನೆ ಬಗ್ಗೆ ನೇರವಾಗಿ ಕೇಳಿ. ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ, ಬಹುಶಃ ಕೇಳಿಲ್ಲ, ಯಾಕೆಂದರೆ ಅವರು ‘ಚೆನ್ನಾಗಿದ್ದಾರೆ’. ಬೇರೆಯವರು ತನ್ನಿಂದ ತಪ್ಪಿಲ್ಲದ್ದನ್ನೇ ಬಯಸುತ್ತಾರೆ ಅನ್ನುವ ನಂಬಿಕೆಗೂ ಸಾವಿನ ಯೋಚನೆಗೂ ನಂಟಿದೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಮತ್ತೆ ಇವರು ಕೊರತೆ ಮುಚ್ಚಿಡುವುದರಲ್ಲಿ ಪಳಗಿದವರು. ಕೆಲಸಕ್ಕೆ ಸರಿಯಾಗಿ ಹೋಗುತ್ತಿದ್ದಾರೆ, ನಗುತ್ತಾರೆ ಅನ್ನುವುದನ್ನು ನೆಚ್ಚಿಕೊಂಡು ಕೂರಬೇಡಿ. ‘ಇಷ್ಟು ಸುಸ್ತಾದಾಗ ಬದುಕೇ ಬೇಡ ಅನ್ನಿಸತ್ತಾ?’ ಅಂತ ಕೇಳುವುದರಿಂದ ಯಾರ ತಲೆಗೂ ಹೊಸದಾಗಿ ಆ ಯೋಚನೆ ಬರುವುದಿಲ್ಲ. ಹೌದು ಅಂದರೆ ಅವತ್ತೇ ಸುರಕ್ಷತೆಯ ಯೋಜನೆ ಮಾಡಿ, ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಿ, ಉಳಿದ ಯಾವ ಪ್ರಯೋಗವೂ ಆ ವಾರಕ್ಕೆ ಬೇಡ.

ಇನ್ನು ‘ನಾನೆಲ್ಲಿ ತಪ್ಪಿದೆ’ ಅನ್ನುವುದು. ಪತ್ರದಲ್ಲಿ ಎರಡು ಸಲ ಕ್ಷಮೆ ಕೇಳಿದ್ದೀರಿ, ಗಮನಿಸಿದಿರಾ? ಇದರಲ್ಲಿ ಕ್ಷಮಿಸುವಂಥದ್ದು ಏನೂ ನನಗೆ ಕಾಣಲಿಲ್ಲ. ತಪ್ಪಿಲ್ಲದೆ ಥೆರಪಿ ಕೊಡಲು ಹೊರಟ ಕೌನ್ಸೆಲರ್, ತಪ್ಪಿಲ್ಲದೆ ಥೆರಪಿ ಪಡೆಯಲು ಬಂದ ಕ್ಲೈಂಟ್, ಇಬ್ಬರೂ ಎದುರುಬದುರು ಕೂತರೆ ಕೋಣೆಯಲ್ಲಿ ಉಸಿರಾಡಲು ಜಾಗ ಎಲ್ಲಿದೆ ಹೇಳಿ? ಅವರು ಸುಧಾರಿಸದಿದ್ದರೆ ನಿಮ್ಮ ಬೆಲೆ ಇಳಿಯುತ್ತದೆ ಅಂತ ನಿಮಗನ್ನಿಸಿದರೆ ಅವರಿಗೆ ಅದು ವಾಸನೆ ಹೊಡೆಯುತ್ತದೆ, ನಿಮ್ಮನ್ನು ಖುಷಿಪಡಿಸಲು ಇನ್ನೂ ಒಂದು ಬಣ್ಣ ಜಾಸ್ತಿ ಹಾಕಿ ತರುತ್ತಾರೆ. ಸೂಪರ್ವಿಷನ್‌ನಲ್ಲಿ (ಹಿರಿಯ ಥೆರಪಿಸ್ಟ್ ಜೊತೆ ಕೂತು ನಡೆಸುವ ಚರ್ಚೆಯಲ್ಲಿ) ಈ ಕೇಸಿನ ಬಗ್ಗೆ ಮಾತಾಡಿ, ಅದರಲ್ಲಿ ನಿಮ್ಮ ಪಾಲಿನ ಬಗ್ಗೆಯೂ.

ಮುಂದಿನ ಸೆಷನ್‌ಗೆ ಅವರು ಎರಡು ವಾರದ ಹೋಮ್‌ವರ್ಕ್ ಒಟ್ಟಿಗೆ ಮುಗಿಸಿಕೊಂಡು, ಕ್ಷಮೆ ಕೇಳುತ್ತಾ ಬರುವ ಸಾಧ್ಯತೆ ಜಾಸ್ತಿ. ಫೈಲ್ ತೆಗೆಯಲು ಬಿಡಬೇಡಿ. ‘ಇದನ್ನ ಆಮೇಲೆ ನೋಡೋಣ. ಹೋದ ವಾರ ಬರೋದು ಬೇಡ ಅಂತ ತೀರ್ಮಾನ ಮಾಡಿದ್ರಲ್ಲ, ಆ ದಿನದ ಬಗ್ಗೆ ಹೇಳಿ. ಬೆಳಿಗ್ಗೆ ಎದ್ದಾಗಿಂದ.’ ಆಮೇಲೆ ಸುಮ್ಮನಿರಿ. ಮೊದಮೊದಲು ಅವರು ಚೆನ್ನಾಗಿ ಜೋಡಿಸಿದ ಉತ್ತರವನ್ನೇ ಕೊಡುತ್ತಾರೆ, ಎಲ್ಲೋ ಒಂದು ಕಡೆ ಮಾತು ತಡವರಿಸುತ್ತದೆ. ಅಲ್ಲಿ ನಿಲ್ಲಿ, ಅವರು ತಿದ್ದಿಕೊಳ್ಳಲು ಹೊರಟರೆ ‘ತಿದ್ದೋದು ಬೇಡ, ಹಾಗೇ ಹೇಳಿ’ ಅನ್ನಿ.

ಏನಾಯಿತು ಅಂತ ನನಗೆ ಬರೆಯಿರಿ. ಒಂದು ಪ್ಯಾರಾ ಸಾಕು. ಕಳಿಸುವ ಮೊದಲು ಎರಡನೇ ಸಲ ಓದಬೇಡಿ.